ಪ್ರೊಪೇನ್ ಫೈರ್ ಪಿಟ್: ಕೊಳ್ಳುವ ಮೊದಲು, ಹೊತ್ತಿಸುವ ಮೊದಲು

ಮನೆಯ ಹೊರಗೆ ಬೆಂಕಿಯ ಸುತ್ತ ಕುಳಿತು ಚಳಿ ಕಾಯಿಸಿಕೊಳ್ಳಲು, ಸೌದೆಯ ಬದಲು ಸಿಲಿಂಡರಿನ ಅನಿಲವನ್ನು ಉರಿಸುವ ಅಗ್ಗಿಷ್ಟಿಕೆಯೇ ಪ್ರೊಪೇನ್ ಫೈರ್ ಪಿಟ್. ಇದನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವರು, ಬೆಂಕಿಯ ಮುಂದೆ ತಾವು ನಿಜಕ್ಕೂ ಎಷ್ಟು ಹೊತ್ತು ಕೂರುತ್ತೇವೆ ಎಂಬುದನ್ನು ಮೊದಲು ಲೆಕ್ಕ ಹಾಕಿಕೊಳ್ಳಬೇಕು. ಊಟವಾದ ಮೇಲೆ ಗಂಟೆಹೊತ್ತು ಮಾತಾಡಿ ಎದ್ದು ಹೋಗುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಕೊರೆಯುವ ಚಳಿಯಲ್ಲಿ ನಡುರಾತ್ರಿಯವರೆಗೆ ಕೂರುವವರಿಗೆ ಸೌದೆಯ ಬೆಂಕಿಯೇ ಮೇಲು.

ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂದು ಎಲ್ಲರೂ ಇದನ್ನು ಹೊಗಳುತ್ತಾರೆ. ಸುಲಭವಾಗಿ ಆರುತ್ತದೆ ಎಂಬುದೇ ನನಗೆ ದೊಡ್ಡ ಗುಣವಾಗಿ ಕಾಣುತ್ತದೆ. ಸೌದೆಯ ಬೆಂಕಿ ಆರಿತೆಂದು ನಾವು ಮಲಗಿದ ಮೇಲೂ ಬೂದಿಯೊಳಗಿನ ಕೆಂಡ ಮರುದಿನದವರೆಗೆ ಜೀವ ಹಿಡಿದುಕೊಂಡಿರಬಹುದು, ಗಾಳಿ ಬೀಸಿದರೆ ಕಿಡಿ ಹಾರಬಹುದು. ಅನಿಲದ ಬೆಂಕಿಯಲ್ಲಿ ವಾಲ್ವ್ ಮುಚ್ಚಿದರೆ ಜ್ವಾಲೆ ನಿಲ್ಲುತ್ತದೆ. ತಣಿಯಬೇಕಾದದ್ದು ಕಲ್ಲು ಮತ್ತು ಲೋಹ ಮಾತ್ರ. ಕಣ್ಣುರಿಸುವ ಹೊಗೆಯಿಲ್ಲ, ಬಟ್ಟೆಗೆ ವಾಸನೆ ಹತ್ತುವುದಿಲ್ಲ, ಬಳಿಯುವುದಕ್ಕೆ ಬೂದಿಯೂ ಇಲ್ಲ. ಒಣಹವೆಯ ದಿನಗಳಲ್ಲಿ ಸೌದೆಯ ಬೆಂಕಿಯನ್ನು ನಿಷೇಧಿಸಿದ ಕೆಲವು ಕಡೆ ಅನಿಲದ ಬೆಂಕಿಗೆ ವಿನಾಯಿತಿ ಇರುವುದುಂಟು, ಆದರೆ ಅದನ್ನು ಸ್ಥಳೀಯ ಆಡಳಿತದಲ್ಲಿ ವಿಚಾರಿಸದೆ ನಂಬಬಾರದು.

ಇನ್ನು ಕೊರತೆಗಳಲ್ಲಿ ಮೊದಲನೆಯದು ಶಾಖ. ಸೌದೆ ಉರಿದು ಕೆಂಡವಾದಾಗ ಆ ಕೆಂಪು ರಾಶಿಯಿಂದ ಶಾಖ ನೇರವಾಗಿ ಎದುರಿಗೆ ಕುಳಿತವರ ಮೈಗೆ ತಾಗುತ್ತದೆ. ಅನಿಲದ ಜ್ವಾಲೆಯಲ್ಲಾದರೋ ಶಾಖದ ಹೆಚ್ಚಿನ ಪಾಲು ಬಿಸಿಗಾಳಿಯೊಂದಿಗೆ ಮೇಲಕ್ಕೇರಿ ಹೋಗುತ್ತದೆ. ಬರ್ನರಿನ ಮೇಲೆ ಹರಡುವ ಲಾವಾ ಕಲ್ಲುಗಳು ಕಾದು ಸ್ವಲ್ಪ ನೆರವಾಗುತ್ತವೆ, ಅಷ್ಟೇ. ಮೊಣಕಾಲು ಬೆಚ್ಚಗಾಗಿ ಬೆನ್ನು ನಡುಗುವ ಅನುಭವ ಎಲ್ಲ ಬೆಂಕಿಯ ಮುಂದೆಯೂ ಇದ್ದದ್ದೇ, ಇಲ್ಲಿ ತುಸು ಹೆಚ್ಚು. ಇದರ ಮೇಲೆ ಅಡುಗೆ ಮಾಡುವ ಆಸೆಯಿದ್ದರೆ ಅದನ್ನೂ ಬಿಡಬೇಕು. ತೊಟ್ಟಿಕ್ಕುವ ಜಿಡ್ಡು ಬರ್ನರಿನ ತೂತುಗಳನ್ನು ಕಟ್ಟುತ್ತದೆ.

ಎರಡನೆಯದು ಖರ್ಚು. ಸಾಮಾನ್ಯವಾಗಿ ದೊರೆಯುವ, ಗಂಟೆಗೆ 50,000 ಬಿಟಿಯು (ಶಾಖವನ್ನು ಅಳೆಯುವ ಬ್ರಿಟಿಷ್ ಮಾನ) ಕೊಡುವ ಬರ್ನರ್ ಎಂದರೆ ಹೆಚ್ಚುಕಡಿಮೆ 14.6 ಕಿಲೋವ್ಯಾಟ್. ಒಂದು ಕಿಲೋ ಪ್ರೊಪೇನ್ ಸುಮಾರು 14 ಕಿಲೋವ್ಯಾಟ್-ಗಂಟೆಯಷ್ಟು ಶಾಖ ಕೊಡುವುದರಿಂದ, ಪೂರ್ತಿ ಜ್ವಾಲೆಯಲ್ಲಿ ಗಂಟೆಗೆ ಒಂದು ಕಿಲೋಗಿಂತ ತುಸು ಹೆಚ್ಚೇ ಅನಿಲ ಬೇಕು. 9 ಕಿಲೋ ಸಿಲಿಂಡರ್ ಎಂಟೂವರೆ ಗಂಟೆಯಲ್ಲಿ ಬರಿದಾಗುತ್ತದೆ. ಹೊಗೆ ಕಾಣದಿದ್ದರೂ ಉರಿದ ಪ್ರತಿ ಕಿಲೋ ಪ್ರೊಪೇನಿನಿಂದ ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪ್ರೊಪೇನ್ ಸಿಲಿಂಡರಿನೊಳಗೆ ದ್ರವವಾಗಿದ್ದು, ಅನಿಲವಾಗುವಾಗ ತನಗೆ ಬೇಕಾದ ಶಾಖವನ್ನು ಸಿಲಿಂಡರಿನ ಗೋಡೆಯಿಂದಲೇ ಎಳೆದುಕೊಳ್ಳುತ್ತದೆ. ಪೂರ್ತಿ ಜ್ವಾಲೆಯಲ್ಲಿ ಬಹಳ ಹೊತ್ತು ಉರಿಸಿದಾಗ, ಹೊರಗೆ ಮಂಜು ಬೀಳದಿದ್ದರೂ ಸಿಲಿಂಡರಿನ ಕೆಳಭಾಗದ ಸುತ್ತ ಬಿಳಿಯ ಹಿಮದ ಪದರ ಕಟ್ಟುತ್ತದೆ. ಆ ಪದರದ ಮೇಲಂಚು ಒಳಗಿನ ದ್ರವದ ಮಟ್ಟಕ್ಕೆ ಗೆರೆ ಎಳೆದಂತಿರುತ್ತದೆ. ಒಳಗಿನ ಒತ್ತಡ ಕುಸಿದು ಜ್ವಾಲೆಯೂ ಸೊರಗುತ್ತದೆ, ಸಿಲಿಂಡರ್ ಮುಗಿಯಿತೆಂದು ಹಲವರು ತಪ್ಪು ತಿಳಿಯುತ್ತಾರೆ. ಜ್ವಾಲೆ ತಗ್ಗಿಸುವುದು ಅಥವಾ ಸ್ವಲ್ಪ ಹೊತ್ತು ಆರಿಸಿಡುವುದು ಇದಕ್ಕಿರುವ ದಾರಿ. ಸಿಲಿಂಡರಿಗೆ ಬಿಸಿನೀರು ಹೊಯ್ಯುವುದು, ಅದನ್ನು ಬೆಂಕಿಯ ಬಳಿಗೆ ಸರಿಸುವುದು ಯಾವ ಕಾರಣಕ್ಕೂ ಕೂಡದು. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಾದರೆ, ಸಿಲಿಂಡರುಗಳಲ್ಲಿ ತುಂಬುವ ಇನ್ನೊಂದು ಇಂಧನ ಅನಿಲವಾದ ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಬ್ಯುಟೇನ್ ಬೆರೆತ ಅನಿಲ ಹೆಪ್ಪುಗಟ್ಟಿಸುವ ಚಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇಡುವ ಜಾಗವನ್ನು ಆರಿಸುವಾಗ ನೆನಪಿಡಬೇಕಾದ ಸಂಗತಿ, ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ ಎಂಬುದು. ಸೋರಿದ ಅನಿಲ ಮೇಲಕ್ಕೆ ಹಾರಿಹೋಗದೆ ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೂ ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ಆದ್ದರಿಂದ ನೆಲಮಾಳಿಗೆಯ ಮೆಟ್ಟಿಲು, ಚರಂಡಿ, ಹಳ್ಳ ಇವುಗಳ ಪಕ್ಕ ಇಡಬಾರದು. ಸಿಲಿಂಡರನ್ನು ಇಟ್ಟಿಗೆಯ ಕಟ್ಟೆಯೊಳಗೋ ಪೆಟ್ಟಿಗೆಯೊಳಗೋ ಮುಚ್ಚಿಡುವುದಾದರೆ ತಳದಲ್ಲಿ ಗಾಳಿಕಿಂಡಿ ಇರಲೇಬೇಕು. ಗೋಡೆ ಮತ್ತು ಗಿಡಗಳಿಂದ ಎಷ್ಟು ದೂರವಿರಬೇಕೆಂಬುದು ತಯಾರಕರ ಕೈಪಿಡಿಯಲ್ಲಿರುತ್ತದೆ. ಮೂರು ಮೀಟರ್ ಬಿಟ್ಟರೆ ಮನಸ್ಸಿಗೆ ನೆಮ್ಮದಿ. ತಲೆಯ ಮೇಲೆ ಕೊಂಬೆಯಾಗಲಿ ಚಪ್ಪರವಾಗಲಿ ಬೇಡ. ಟೆಂಟಿನೊಳಗೆ, ಮುಚ್ಚಿದ ವರಾಂಡದಲ್ಲಿ ಹೊತ್ತಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ.

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ರೆಗ್ಯುಲೇಟರ್ ಜೋಡಿಸಿ, ಬರ್ನರಿನ ನಾಬ್ ಮುಚ್ಚಿಟ್ಟು ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಥಟ್ಟನೆ ತೆರೆದರೆ ಕೆಲವು ರೆಗ್ಯುಲೇಟರುಗಳ ಸುರಕ್ಷಾ ವ್ಯವಸ್ಥೆ ಸೋರಿಕೆಯೆಂದು ಭಾವಿಸಿ ಅನಿಲವನ್ನು ತಡೆಯುತ್ತದೆ. ನಂತರ ಸೋಪಿನ ನೀರನ್ನು ಬ್ರಶ್ಶಿನಿಂದ ಪ್ರತಿ ಜೋಡಣೆಗೂ ಬಳಿದು ಅರ್ಧ ನಿಮಿಷ ದಿಟ್ಟಿಸಿ ನೋಡಿ. ಸೋರಿಕೆಯಿದ್ದರೆ ಒಂದೇ ಜಾಗದಲ್ಲಿ ಗುಳ್ಳೆ ಉಬ್ಬುತ್ತದೆ, ಒಡೆಯುತ್ತದೆ, ಮತ್ತೆ ಅಲ್ಲೇ ಉಬ್ಬುತ್ತದೆ. ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಿರುತ್ತಾರೆ ನಿಜ, ಆದರೆ ನೆಗಡಿಯಾದ ಮೂಗನ್ನು ನಂಬಿಕೊಂಡು ಈ ಪರೀಕ್ಷೆ ಬಿಡಬೇಡಿ. ಸ್ವಯಂ ಕಿಡಿ ಕೊಡುವ ಗುಂಡಿ ಇಲ್ಲದಿದ್ದರೆ ಉದ್ದನೆಯ ಲೈಟರಿನ ಉರಿಯನ್ನು ಬರ್ನರಿನ ಬಳಿ ಹಿಡಿದ ಮೇಲೆಯೇ ನಾಬ್ ತಿರುಗಿಸಬೇಕು. ಕೆಲವೇ ಕ್ಷಣಗಳಲ್ಲಿ ಹೊತ್ತಿಕೊಳ್ಳದಿದ್ದರೆ ಮುಚ್ಚಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಬರ್ನರಿನ ಮೇಲೆ ಅಂದಕ್ಕೆಂದು ಹೊಳೆಯ ಕಲ್ಲುಗಳನ್ನು ಆಯ್ದು ತಂದು ಹಾಕಬೇಡಿ. ಅವುಗಳ ಒಳಗೆ ಸಿಕ್ಕಿಕೊಂಡ ನೀರು ಕಾದು ಆವಿಯಾದಾಗ ಕಲ್ಲು ಸಿಡಿದು ಚೂರುಗಳು ಹಾರುತ್ತವೆ. ಲಾವಾ ಕಲ್ಲೇ ಆದರೂ ಮಳೆಯಲ್ಲಿ ನೆನೆದಿದ್ದರೆ ಮೊದಲು ಸಣ್ಣ ಜ್ವಾಲೆಯಲ್ಲಿ ಒಣಗಿಸಿ, ಅಲ್ಲಿಯವರೆಗೆ ದೂರ ಕುಳಿತುಕೊಳ್ಳಿ. ಆರಿಸುವಾಗ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಅನಿಲ ಉರಿದು ಜ್ವಾಲೆ ತಾನಾಗಿ ಅಡಗಿದ ಮೇಲೆ ನಾಬ್ ಮುಚ್ಚುವುದು ಒಳ್ಳೆಯ ರೂಢಿ.

ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಸಿಲಿಂಡರನ್ನು ಬಿಚ್ಚಿ, ಮನೆಯೊಳಗೆ ತಾರದೆ, ಹೊರಗೆ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಮತ್ತೆ ಹೊತ್ತಿಸಿದ ದಿನ ಜ್ವಾಲೆ ಒಂದು ಬದಿಗೆ ಕುಂಟಿದರೆ ಅಥವಾ ಕಪ್ಪು ಮಸಿ ಉಗುಳಿದರೆ, ಬರ್ನರಿಗೆ ಗಾಳಿ ಸೇರುವ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಬಹುಪಾಲು ಅಲ್ಲಿ ಜೇಡವೊಂದು ಬಲೆ ಕಟ್ಟಿಕೊಂಡಿರುತ್ತದೆ.