ದಾಳಿಂಬೆ ಬಿಟ್ಟು ಪುಸ್ತಕ ನೋಡಿದಾಗ

ಸೋವಿಯತ್ ಕಾಲದ ನಿರ್ದೇಶಕ ಪರಜಾನೊವ್ ಅವರ 'ದಿ ಕಲರ್ ಆಫ್ ಪೊಮೆಗ್ರನೇಟ್ಸ್' (ಅಂದರೆ ದಾಳಿಂಬೆಯ ಬಣ್ಣ, 1969) ಸಿನಿಮಾವನ್ನು ನಾಲ್ಕು ಸಲ ನೋಡಿದ್ದೇನೆ. ಮೊದಲ ಸಲ ಏನೂ ತಲೆಗೆ ಹೋಗಲಿಲ್ಲ. ಮಾತು ತೀರಾ ಕಡಿಮೆ. ಬಿಳಿ ಬಟ್ಟೆಯ ಮೇಲೆ ದಾಳಿಂಬೆ, ಹರಡುವ ಕೆಂಪು ರಸ. ರೊಟ್ಟಿಗಳ ನಡುವೆ ಒದ್ದಾಡುವ ಮೀನು. ಆದರೂ ಕಣ್ಣು ಕೀಳಲು ಆಗಲಿಲ್ಲ. ಎರಡನೇ ಸಲ ಪೆನ್ನು ಹಿಡಿದು ಕೂತೆ.

ತಪ್ಪು ಮಾಡಿದ್ದು ಅಲ್ಲೇ. ಕಂಡದ್ದಕ್ಕೆಲ್ಲ ಒಂದೊಂದು ಅರ್ಥ ಬರೆಯುತ್ತಾ ಹೋದೆ. ದಾಳಿಂಬೆ ಅಂದರೆ ರಕ್ತ, ಮೀನು ಅಂದರೆ ಕ್ರಿಸ್ತ. ಪುಟ ತುಂಬಿತು, ಸಿನಿಮಾ ಮಾತ್ರ ಇನ್ನೂ ದೂರ ಹೋಯಿತು. ದಾಳಿಂಬೆಗೆ ಅಷ್ಟು ತೂಕ ಕೊಟ್ಟಿದ್ದು ಹೆಸರು ನೋಡಿ. ಆ ಹೆಸರು ನಿರ್ದೇಶಕರದ್ದೇ ಅಲ್ಲ! ಅವರು ಇಟ್ಟಿದ್ದು 'ಸಯಾತ್ ನೋವಾ' ಅಂತ. ಸೋವಿಯತ್ ಅಧಿಕಾರಿಗಳು ಅದನ್ನು ಬದಲಾಯಿಸಿದರು.

ಸಯಾತ್ ನೋವಾ 18ನೇ ಶತಮಾನದ ಆರ್ಮೇನಿಯನ್ ಕವಿ, ಹಾಡುಗಾರ. ಆರ್ಮೇನಿಯನ್, ಜಾರ್ಜಿಯನ್, ಅಜೆರಿ ಮೂರು ಭಾಷೆಯಲ್ಲೂ ಹಾಡು ಕಟ್ಟಿದವನು. ಜಾರ್ಜಿಯಾದ ದೊರೆ ಎರಡನೇ ಎರೆಕ್ಲೆಯ ಆಸ್ಥಾನದಲ್ಲಿದ್ದ, ಆಮೇಲೆ ಪಾದ್ರಿಯಾದ. 1795ರಲ್ಲಿ ಪರ್ಷಿಯಾದ ಸೇನೆ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ನುಗ್ಗಿದಾಗ ಸತ್ತ. ಇಷ್ಟು ಓದಿಕೊಂಡ ಮೇಲೆ ಬಿಡಿಬಿಡಿಯಾಗಿದ್ದ ದೃಶ್ಯಗಳು ಸಾಲಾಗಿ ನಿಂತವು: ಅವನ ಬಾಲ್ಯ, ಆಸ್ಥಾನ, ಮಠ, ಸಾವು. ಯುವಕ ಕವಿ ಮತ್ತು ಅವನ ಪ್ರೇಯಸಿ, ಎರಡೂ ಪಾತ್ರ ಮಾಡಿದ್ದು ನಟಿ ಸೋಫಿಕೊ ಚಿಯೌರೇಲಿ ಒಬ್ಬರೇ ಅನ್ನುವುದೂ ಆಗಲೇ ಕಣ್ಣಿಗೆ ಬಿದ್ದಿದ್ದು.

ಮೂರನೇ ಸಲ ಪ್ರಶ್ನೆ ಬದಲಿಸಿದೆ. ಈ ವಸ್ತುವಿನ ಸಂಕೇತ ಏನು ಅಂತಲ್ಲ, ಅಲ್ಲಿನ ಜನ ಇದನ್ನು ಯಾತಕ್ಕೆ ಬಳಸುತ್ತಿದ್ದರು ಅಂತ. ಗೊತ್ತಾಗದಿದ್ದರೆ ಜಾಗ ಖಾಲಿ ಬಿಡುವುದು, ಸುಮ್ನೆ ಊಹೆ ತುಂಬುವುದಿಲ್ಲ.

ಪುಸ್ತಕಗಳ ದೃಶ್ಯ ತೆರೆದುಕೊಂಡಿದ್ದು ಹೀಗೆ. ಮಳೆಗೆ ಮಠದ ಪುಸ್ತಕಗಳೆಲ್ಲ ನೆನೆದಿವೆ. ಅವನ್ನು ಕಲ್ಲಿನಡಿ ಒತ್ತುತ್ತಾರೆ, ನೀರು ಸುರಿಯುತ್ತದೆ. ಆಮೇಲೆ ಚಾವಣಿಯ ಮೇಲೆ ಹರಡುತ್ತಾರೆ. ಗಾಳಿಗೆ ನೂರಾರು ಹಾಳೆ ಪಟಪಟ ಮಗುಚುತ್ತವೆ, ನಡುವೆ ಪುಟ್ಟ ಹುಡುಗ ಮಲಗಿದ್ದಾನೆ. ನಾನು ಇದನ್ನು ಕನಸು ಅಂದುಕೊಂಡಿದ್ದೆ. ಆದರೆ ಆರ್ಮೇನಿಯಾದ ಮಠಗಳಲ್ಲಿ ಪುಸ್ತಕ ಅಂದರೆ ಕೈಬರಹದ ಪ್ರತಿ, ಎಷ್ಟೋ ಸಲ ಚರ್ಮದ ಹಾಳೆ. ದಾಳಿಯಲ್ಲಿ ಶತ್ರುಗಳು ಹೊತ್ತೊಯ್ದ ಪುಸ್ತಕವನ್ನು 'ಸೆರೆ ಸಿಕ್ಕಿದೆ' ಅನ್ನುತ್ತಿದ್ದರು, ಮನುಷ್ಯರನ್ನು ಬಿಡಿಸಿಕೊಂಡ ಹಾಗೆ ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. 1915ರಲ್ಲಿ ಒಟ್ಟೊಮನ್ ತುರ್ಕಿಯಲ್ಲಿ ನಡೆದ ಆರ್ಮೇನಿಯನ್ನರ ನರಮೇಧದ ಹೊತ್ತಿನಲ್ಲಿ ಸುಮಾರು 28 ಕೆಜಿ ತೂಕದ 'ಮೂಶ್‌ನ ಪ್ರವಚನಗಳು' ಗ್ರಂಥವನ್ನು ಇಬ್ಬರು ಹೆಂಗಸರು ಎರಡು ಭಾಗ ಮಾಡಿ ಉಳಿಸಿದರು. ಅದು ಈಗ ಆರ್ಮೇನಿಯಾದ ರಾಜಧಾನಿ ಯೆರೆವಾನ್‌ನ ಹಸ್ತಪ್ರತಿ ಭಂಡಾರ ಮಾತೆನಾದಾರಾನ್‌ನಲ್ಲಿದೆ. ಇದನ್ನು ಓದಿ ನನಗೆ ಗಂಟಲು ಕಟ್ಟಿತು.

ನಾಲ್ಕನೇ ಸಲ ಅದೇ ದೃಶ್ಯ ಬಂದಾಗ ಎಲ್ಲೂ ನಿಲ್ಲಿಸಲಿಲ್ಲ. ಹಾಳೆಗಳ ಸದ್ದು ಮುಗಿಯುವ ತನಕ ಕೇಳಿದೆ. ನಂತರ ಹಳೆಯ ನೋಟ್ಸ್ ತೆಗೆದೆ. ಆ ಕಲ್ಲಿನ ಎದುರು 'ಪಾಪದ ಭಾರ' ಅಂತ ಬರೆದಿದ್ದೆ. ಅದನ್ನು ಹೊಡೆದುಹಾಕಿ 'ನೀರು ಹಿಂಡಲು' ಅಂತ ಬರೆದೆ.