ತೋಟದ ಮನೆಯ ನೆಟ್‌ವರ್ಕ್ ಸ್ವಿಚ್: ಅತಿಥಿಗೆ ಒಂದು ದಾರಿ, ಕ್ಯಾಮೆರಾಕ್ಕೆ ಇನ್ನೊಂದು

ಕೊಡಗಿನ ಎಷ್ಟೋ ಹೋಂಸ್ಟೇಗಳಲ್ಲಿ ಒಂದೇ ಇಂಟರ್ನೆಟ್ ಸಂಪರ್ಕ ಇಡೀ ತೋಟಕ್ಕೆ ದುಡಿಯುತ್ತದೆ. ಅತಿಥಿಗಳ ವೈಫೈ, ಕಾಫಿ ಕಣದ ಮೇಲೆ ಕಣ್ಣಿಟ್ಟಿರುವ ಕ್ಯಾಮೆರಾ, ರೈಟರು (ತೋಟದ ಗುಮಾಸ್ತರು) ಹಾಜರಿ, ಬಟವಾಡೆ ಬರೆದಿಡುವ ಕಂಪ್ಯೂಟರ್ ಎಲ್ಲವೂ ಒಂದೇ ಸ್ವಿಚ್‌ಗೆ, ಅಂದರೆ ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಗೆ, ಬಂದು ಸೇರುತ್ತವೆ. ಹೆಚ್ಚು ಹಣ ಕೊಟ್ಟು ಮ್ಯಾನೇಜ್ಡ್ ಸ್ವಿಚ್ (ನಮಗೆ ಬೇಕಾದಂತೆ ಹೊಂದಿಸಬಹುದಾದ ಸ್ವಿಚ್) ತಂದವರೂ ಡಬ್ಬಿಯಿಂದ ತೆಗೆದು, ಕೇಬಲ್ ಚುಚ್ಚಿ ಸುಮ್ಮನಾಗುತ್ತಾರೆ. ಹಾಗೆ ಬಿಟ್ಟರೆ, ಒಂದು ರಾತ್ರಿ ತಂಗಲು ಬಂದವರ ಲ್ಯಾಪ್‌ಟಾಪಿಗೂ ನಿಮ್ಮ ಕ್ಯಾಮೆರಾ ರೆಕಾರ್ಡರಿಗೂ ನಡುವೆ ಒಂದು ಪಾಸ್‌ವರ್ಡ್ ಬಿಟ್ಟು ಬೇರೆ ಅಡ್ಡಿಯೇ ಇರುವುದಿಲ್ಲ. ಸ್ವಿಚ್‌ನಲ್ಲಿರುವ ಸೌಲಭ್ಯವನ್ನು ಬಳಸಿದರೆ ಇದನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಯಾವ ಪೋರ್ಟ್‌ಗೆ (ಕೇಬಲ್ ಚುಚ್ಚುವ ಕಿಂಡಿಗೆ) ಯಾವುದು ಎಂದು ಬರೆದುಕೊಳ್ಳಿ. ಎಂಟು ಪೋರ್ಟ್‌ಗಳ ಸ್ವಿಚ್ ಎಂದುಕೊಳ್ಳೋಣ: 1ಕ್ಕೆ ರೂಟರ್, 2ಕ್ಕೆ ಕಚೇರಿಯ ಕಂಪ್ಯೂಟರ್, 3ರಿಂದ 6ರವರೆಗೆ ಕ್ಯಾಮೆರಾಗಳು ಮತ್ತು ರೆಕಾರ್ಡರ್, 7ಕ್ಕೆ ಅತಿಥಿಗಳ ವೈಫೈ ಪೆಟ್ಟಿಗೆ. 8ನ್ನು ಸ್ವಿಚ್ ನಿರ್ವಹಣೆಗೆಂದೇ ಖಾಲಿ ಬಿಡಿ. ಕೇಬಲ್‌ಗಳ ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ.

ಒಳಗೆ ಹೋಗುವುದು

ಮೊದಲ ಬಾರಿ ಸ್ವಿಚ್‌ಗೆ ನಿಮ್ಮ ಲ್ಯಾಪ್‌ಟಾಪ್ ಒಂದನ್ನೇ, 8ನೇ ಪೋರ್ಟ್ ಮೂಲಕ ಜೋಡಿಸಿ. ರೂಟರನ್ನು ಆಮೇಲೆ ನೋಡಿಕೊಳ್ಳೋಣ. ಕಾರಣವಿದೆ. ಕೆಲವು ಸ್ವಿಚ್‌ಗಳ ಮೂಲ ವಿಳಾಸ 192.168.0.1 ಆಗಿರುತ್ತದೆ, ಬಹಳಷ್ಟು ರೂಟರ್‌ಗಳದ್ದೂ ಅದೇ. ಎರಡೂ ಒಟ್ಟಿಗಿದ್ದರೆ ಬ್ರೌಸರ್‌ನಲ್ಲಿ ಯಾವುದು ತೆರೆದುಕೊಂಡಿದೆ ಎಂಬುದೇ ಗೊಂದಲವಾಗುತ್ತದೆ. ಸ್ವಿಚ್‌ನ ಅಡಿಭಾಗದ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ವಿಳಾಸ ನೋಡಿ, ಲ್ಯಾಪ್‌ಟಾಪಿಗೆ ಅದೇ ಸಾಲಿನ ಬೇರೊಂದು ವಿಳಾಸ, ಉದಾಹರಣೆಗೆ 192.168.0.10, ಸಬ್‌ನೆಟ್ ಮಾಸ್ಕ್ 255.255.255.0 ಕೊಡಿ. ಬ್ರೌಸರ್‌ನಲ್ಲಿ ಸ್ವಿಚ್‌ನ ವಿಳಾಸ ತೆರೆದು ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ, ಸ್ವಿಚ್‌ಗೆ ಬೇರೆ ಯಾವ ಸಾಧನಕ್ಕೂ ಇಲ್ಲದ ವಿಳಾಸ ಕೊಡಿ, ತಯಾರಕರ ತಾಣದಲ್ಲಿ ಹೊಸ ಫರ್ಮ್‌ವೇರ್ (ಸ್ವಿಚ್‌ನ ಒಳಗಿನ ತಂತ್ರಾಂಶ) ಇದ್ದರೆ ಹಾಕಿ. ದೂರದಿಂದ ಸ್ವಿಚ್ ಒಳಹೊಗುವ ಟೆಲ್‌ನೆಟ್ ಎಂಬ ಹಳೆಯ ದಾರಿ ಚಾಲೂ ಇದ್ದರೆ ಆರಿಸಿಬಿಡಿ. ಅದು ಪಾಸ್‌ವರ್ಡನ್ನು ಮುಚ್ಚಿಡದೆ ಹಾಗೆಯೇ ಕಳುಹಿಸುತ್ತದೆ.

ಜಾಲವನ್ನು ವಿಂಗಡಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಒಂದೇ ಸ್ವಿಚ್ ಒಳಗೆ ಒಂದನ್ನೊಂದು ಕಾಣದ ಹಲವು ಜಾಲಗಳನ್ನು ಮಾಡಬಹುದು. ಇವೇ ವಿಲ್ಯಾನ್‌ಗಳು. ಮೆನುವಿನಲ್ಲಿ 802.1ಕ್ಯೂ ಎಂಬುದನ್ನು ಆರಿಸಿ ಮೂರು ವಿಲ್ಯಾನ್ ಸೃಷ್ಟಿಸಿ: ಕಚೇರಿಗೆ 10, ಕ್ಯಾಮೆರಾಗಳಿಗೆ 20, ಅತಿಥಿಗಳಿಗೆ 30. ವಿಲ್ಯಾನ್ 1 ಎಂಬುದು ಮೊದಲೇ ಇರುತ್ತದೆ. ನಿರ್ವಹಣೆಗೆ ಅದನ್ನೇ ಉಳಿಸಿಕೊಳ್ಳಿ. 2ನೇ ಪೋರ್ಟನ್ನು 10ಕ್ಕೆ, 3ರಿಂದ 6ನ್ನು 20ಕ್ಕೆ, 7ನ್ನು 30ಕ್ಕೆ ಅನ್‌ಟ್ಯಾಗ್ಡ್ (ವಿಲ್ಯಾನ್ ಸಂಖ್ಯೆಯ ಗುರುತಿಲ್ಲದೆ) ಎಂದು ಸೇರಿಸಿ, ವಿಲ್ಯಾನ್ 1ರಿಂದ ತೆಗೆಯಿರಿ. ರೂಟರ್ ಇರುವ 1ನೇ ಪೋರ್ಟ್ ಮಾತ್ರ ಮೂರಕ್ಕೂ ಟ್ಯಾಗ್ಡ್ (ಸಂಖ್ಯೆಯ ಗುರುತಿನೊಡನೆ) ಆಗಿರಬೇಕು, ಏಕೆಂದರೆ ಒಂದೇ ತಂತಿಯಲ್ಲಿ ಮೂರೂ ಜಾಲಗಳ ಸಂಚಾರ ಸಾಗಬೇಕು.

ಎಲ್ಲ ಸರಿಯಾಗಿ ಮಾಡಿದರೂ ಕ್ಯಾಮೆರಾ ಕಾಣುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ಬಹುತೇಕ ಮರೆತಿರುವುದು ಪಿವಿಐಡಿ ಎಂಬ ಪುಟವನ್ನು. ಅನ್‌ಟ್ಯಾಗ್ಡ್ ಎಂದು ಸೇರಿಸುವುದರಿಂದ ಪೋರ್ಟ್‌ನಿಂದ ಹೊರಗೆ ಹೋಗುವ ದತ್ತಾಂಶದ ದಾರಿ ಮಾತ್ರ ತೀರ್ಮಾನವಾಗುತ್ತದೆ. ಒಳಗೆ ಬರುವುದು ಯಾವ ವಿಲ್ಯಾನ್‌ಗೆ ಸೇರಬೇಕು ಎಂಬುದನ್ನು ಹೇಳುವುದು ಪಿವಿಐಡಿ. ಅದು 1 ಎಂದೇ ಉಳಿದರೆ ಕ್ಯಾಮೆರಾ ಕಳುಹಿಸಿದ್ದು ತಪ್ಪು ಜಾಲಕ್ಕೆ ಹೋಗುತ್ತದೆ. 3ರಿಂದ 6ನೇ ಪೋರ್ಟ್‌ಗಳಿಗೆ 20, 2ಕ್ಕೆ 10, 7ಕ್ಕೆ 30 ಎಂದು ತುಂಬಿ. ನೀವು ಕುಳಿತಿರುವ 8ನೇ ಪೋರ್ಟನ್ನು ಮುಟ್ಟಬೇಡಿ, ಮುಟ್ಟಿದರೆ ನಿಮ್ಮನ್ನೇ ಹೊರಗೆ ಹಾಕಿಕೊಳ್ಳುತ್ತೀರಿ.

ಇನ್ನು ರೂಟರ್. ಅದಕ್ಕೂ ಇದೇ ಸಂಖ್ಯೆಗಳನ್ನು ಹೇಳಬೇಕು, ಪ್ರತಿಯೊಂದಕ್ಕೂ ಬೇರೆ ವಿಳಾಸಸಾಲು ಕೊಡಬೇಕು. ಇಂಟರ್ನೆಟ್ ಕಂಪನಿಯವರು ಕೊಟ್ಟ ಪೆಟ್ಟಿಗೆಗೆ ವಿಲ್ಯಾನ್ ತಿಳಿಯದಿದ್ದರೆ ತಿಳಿಯುವ ರೂಟರ್ ಕೊಳ್ಳಲೇಬೇಕು, ಬೇರೆ ದಾರಿಯಿಲ್ಲ. ಸ್ವಿಚ್ ಬೇರ್ಪಡಿಸಿದ್ದನ್ನು ರೂಟರ್ ಮತ್ತೆ ಬೆಸೆಯಬಲ್ಲದು ಎಂಬುದನ್ನೂ ನೆನಪಿಡಿ. ಆದ್ದರಿಂದ ರೂಟರ್‌ನ ಫೈರ್‌ವಾಲ್‌ನಲ್ಲಿ (ಯಾವ ಸಂಚಾರ ಬಿಡಬೇಕು, ಯಾವುದು ತಡೆಯಬೇಕು ಎಂಬ ನಿಯಮಗಳ ಪುಟದಲ್ಲಿ) 30ರಿಂದ ಉಳಿದ ಜಾಲಗಳಿಗೆ ಹೋಗುವ ದಾರಿ ಮುಚ್ಚಿ. ಕಚೇರಿಯಿಂದ ಕ್ಯಾಮೆರಾ ನೋಡಲು 10ರಿಂದ 20ಕ್ಕೆ ಬಿಡಿ.

ಮತ್ತೆ ಸ್ವಿಚ್‌ಗೆ ಬಂದು ಆರ್‌ಎಸ್‌ಟಿಪಿ ಎಂಬ ಆಯ್ಕೆಯನ್ನು ಚಾಲೂ ಮಾಡಿ. ಯಾರಾದರೂ ಒಂದೇ ಕೇಬಲ್‌ನ ಎರಡೂ ತುದಿಯನ್ನು ಸ್ವಿಚ್‌ಗೇ ಚುಚ್ಚಿದರೆ ದತ್ತಾಂಶ ಕೊನೆಯಿಲ್ಲದೆ ಸುತ್ತುತ್ತಾ ಇಡೀ ಜಾಲ ನಿಂತುಹೋಗುತ್ತದೆ. ಅದನ್ನು ತಡೆಯುವುದು ಇದೇ.

ಕರೆಂಟು, ಸಿಡಿಲು

ಕೇಬಲ್ ಮೂಲಕವೇ ಕ್ಯಾಮೆರಾಗೆ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಆಗಿದ್ದರೆ ಒಟ್ಟು ವ್ಯಾಟ್ ಲೆಕ್ಕ ಹಾಕಿ. 802.3ಎಎಫ್ ಮಾನದಂಡದಲ್ಲಿ ಒಂದು ಪೋರ್ಟ್ ಗರಿಷ್ಠ 15.4 ವ್ಯಾಟ್ ಕೊಡಬಲ್ಲದು. ಆದರೆ ಎಲ್ಲ ಪೋರ್ಟ್‌ಗಳಿಗೂ ಒಟ್ಟಿಗೆ ಅಷ್ಟು ಕೊಡುವ ಶಕ್ತಿ ಅಗ್ಗದ ಸ್ವಿಚ್‌ಗಳಿಗೆ ಇರುವುದಿಲ್ಲ. ಹಗಲು ಸರಿಯಾಗಿದ್ದ ಕ್ಯಾಮೆರಾ ಕತ್ತಲಾದ ಮೇಲೆ ಆರಿ ಹತ್ತುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ರಾತ್ರಿ ಅದರ ಇನ್‌ಫ್ರಾರೆಡ್ ದೀಪಗಳು ಹೆಚ್ಚು ವಿದ್ಯುತ್ ಎಳೆಯುತ್ತವೆ.

ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಬಂಗಲೆಯಿಂದ ಕಣಕ್ಕೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಶೆಡ್ಡಿಗೆ ಅದಕ್ಕಿಂತ ದೂರವಿದ್ದರೆ ಫೈಬರ್ (ಗಾಜಿನ ಎಳೆಯ ಕೇಬಲ್) ಎಳೆಸಿ. ದೂರ ಕಡಿಮೆ ಇದ್ದರೂ ಕಟ್ಟಡದಿಂದ ಕಟ್ಟಡಕ್ಕೆ ನಾನು ಫೈಬರನ್ನೇ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದ ಮರಕ್ಕೆ ಸಿಡಿಲು ಬಡಿದರೂ ತಾಮ್ರದ ತಂತಿಯಲ್ಲಿ ವಿದ್ಯುತ್ ನುಗ್ಗಿ ಸ್ವಿಚ್ ಸುಡಬಹುದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಅಥವಾ ಲೋಹದ ಕವಚ ಇಲ್ಲದ ಫೈಬರ್ ಕೇಳಿ ಪಡೆಯಿರಿ, ಇಲ್ಲವಾದರೆ ಲಾಭವೆಲ್ಲ ಹೋಯಿತು.

ಉಳಿಸದಿದ್ದರೆ ಇಲ್ಲ

ಬಹಳಷ್ಟು ಸ್ವಿಚ್‌ಗಳಲ್ಲಿ 'ಅಪ್ಲೈ' ಒತ್ತಿದರೆ ಬದಲಾವಣೆ ಆ ಕ್ಷಣಕ್ಕೆ ಜಾರಿಯಾಗುತ್ತದೆ, ಅಷ್ಟೇ. ಶಾಶ್ವತವಾಗಿ ಬರೆದಿಡಲು 'ಸೇವ್' ಎಂಬ ಬೇರೆಯೇ ಗುಂಡಿ ಇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆತರೆ ಕೆಲಸವೆಲ್ಲ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ. ಯುಪಿಎಸ್ ಇದ್ದರೂ ಅದು ಕೆಲವು ಗಂಟೆಗಳ ಮಾತು.

ಸೇವ್ ಮಾಡಿದ ಮೇಲೆ ಸ್ವಿಚ್‌ನ ಕರೆಂಟು ನೀವೇ ತೆಗೆದು, ಮತ್ತೆ ಹಾಕಿ. ಮೊಬೈಲನ್ನು ಅತಿಥಿಗಳ ವೈಫೈಗೆ ಸೇರಿಸಿ ರೆಕಾರ್ಡರ್‌ನ ವಿಳಾಸ ತೆರೆಯಲು ನೋಡಿ: ತೆರೆಯಬಾರದು. ಕಚೇರಿಯ ಕಂಪ್ಯೂಟರ್‌ನಿಂದ ತೆರೆಯಬೇಕು. ಎರಡೂ ಸರಿಯಿದ್ದರೆ ಸಂರಚನೆಯ ಬ್ಯಾಕಪ್ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ, ಪೋರ್ಟ್‌ಗಳ ಹಾಳೆಯ ಜೊತೆ ಒಣ ಜಾಗದಲ್ಲಿ ಇಡಿ. ನಾಳೆ ಅದೇ ಮಾದರಿಯ ಹೊಸ ಸ್ವಿಚ್ ತಂದರೆ ಆ ಕಡತವನ್ನು ಏರಿಸಿದರಾಯಿತು.