ಫೋಮ್ ಹಾಸಿಗೆ ಕೊಳ್ಳುವ ಮೊದಲು ತೂಕದ ಲೆಕ್ಕ

ಆನ್‌ಲೈನಿನಲ್ಲಿ ಫೋಮ್ ಹಾಸಿಗೆ ಆರಿಸುವಾಗ ನಾನು ಮೊದಲು ಹುಡುಕುವುದು ಅದರ ತೂಕವನ್ನು. ವಿವರಗಳ ಪಟ್ಟಿಯಲ್ಲಿ ಕೆಳಗೆಲ್ಲೋ 'ಐಟಂ ವೇಟ್' ಎಂದು ಬರೆದಿರುತ್ತಾರೆ. ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳುತ್ತೇನೆ. ಹೇಳಲು ಒಪ್ಪದಿದ್ದರೆ ಆ ಹಾಸಿಗೆಯನ್ನು ಅಲ್ಲಿಗೇ ಕೈಬಿಡುತ್ತೇನೆ.

ಕಾರಣ ಇಷ್ಟೆ: ಹಾಸಿಗೆ ಎಷ್ಟು ಗಟ್ಟಿ ಎನ್ನುವುದೂ ಎಷ್ಟು ವರ್ಷ ಬರುತ್ತದೆ ಎನ್ನುವುದೂ ಬೇರೆ ಬೇರೆ. ಬಾಳಿಕೆ ಬಹುಮಟ್ಟಿಗೆ ಡೆನ್ಸಿಟಿಯದು, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು. ಗಟ್ಟಿತನವನ್ನು ರಾಸಾಯನಿಕಗಳ ಹದದಿಂದ ಬೇಕಾದಂತೆ ಬದಲಿಸಬಹುದು. 40 ಡೆನ್ಸಿಟಿಯ ಮೆತ್ತನೆ ಫೋಮೂ ಇದೆ, 23ರ ಗಟ್ಟಿ ಫೋಮೂ ಇದೆ. ಎರಡನೆಯದು ಹೊಸದರಲ್ಲಿ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಅದರೊಳಗೆ ಗಾಳಿ ಹೆಚ್ಚು, ವಸ್ತು ಕಡಿಮೆ. ದಿನವೂ ಬೀಳುವ ಭಾರ, ಮೈಬಿಸಿ, ಬೆವರಿನ ತೇವಕ್ಕೆ ಆ ತೆಳು ಕೋಶಗಳು ಮುರಿಯುತ್ತಾ ಹೋಗಿ, ಸೊಂಟ ಊರುವ ಜಾಗದಲ್ಲಿ ಗುಂಡಿ ಬೀಳುತ್ತದೆ. ಹತ್ತಿ ಹಾಸಿಗೆಯನ್ನಾದರೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಬಹುದು. ಕುಸಿದ ಫೋಮಿಗೆ ರಿಪೇರಿ ಇಲ್ಲ.

ಲೆಕ್ಕ ಹೀಗೆ. ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಗುಣಿಸಿ 61,024ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 78×72×6 ಇಂಚಿನ ಹಾಸಿಗೆ 33,696 ಘನ ಇಂಚು, ಅಂದರೆ 0.552 ಘನ ಮೀಟರ್. ತೂಕ 20 ಕಿಲೋ ಎಂದಿದ್ದರೆ ಹೊದಿಕೆಗೆ ಅಂದಾಜು 2 ಕಿಲೋ ಕಳೆಯುತ್ತೇನೆ. ಉಳಿದ 18ನ್ನು 0.552ರಿಂದ ಭಾಗಿಸಿದರೆ 32.6; ಅದೇ ಡೆನ್ಸಿಟಿ. ಇದೇ ಅಳತೆಯ ಹಾಸಿಗೆ 14 ಕಿಲೋ ಎಂದಿದ್ದರೆ 22ರ ಆಸುಪಾಸು; ಅಪರೂಪಕ್ಕೆ ನೆಂಟರು ಮಲಗುವ ಕೋಣೆಗೆ ಅದು ಸಾಕು, ದಿನಬಳಕೆಗಲ್ಲ. ಇಬ್ಬರು ನಿತ್ಯ ಮಲಗುವ ಹಾಸಿಗೆಗೆ ನಾನು 32ಕ್ಕಿಂತ ಕೆಳಗೆ ಇಳಿಯುವುದಿಲ್ಲ, 80 ಕಿಲೋ ದಾಟಿದವರಿದ್ದರೆ 40.

ಪದರಗಳಿರುವ ಹಾಸಿಗೆಯಲ್ಲಿ ಈ ಲೆಕ್ಕ ಇನ್ನೂ ಉಪಯೋಗಕ್ಕೆ ಬರುತ್ತದೆ. ಅದೇ 78×72ರ ಹಾಸಿಗೆಗೆ ಮೇಲೆ 2 ಇಂಚು 50 ಡೆನ್ಸಿಟಿಯ ಮೆಮೊರಿ ಫೋಮ್ (ಮೈಯ ಆಕಾರಕ್ಕೆ ತಗ್ಗಿ ನಿಧಾನವಾಗಿ ಉಬ್ಬುವ ಫೋಮ್), ಕೆಳಗೆ 4 ಇಂಚು 32ರ ಫೋಮ್ ಎಂದು ಜಾಹೀರಾತು ಹೇಳಿದರೆ, ಮೇಲಿನದು 9.2 ಕಿಲೋ, ಕೆಳಗಿನದು 11.8 ಕಿಲೋ, ಹೊದಿಕೆ ಸೇರಿ 23 ಕಿಲೋ ಇರಲೇಬೇಕು. ಪಟ್ಟಿಯಲ್ಲಿ 15 ಕಿಲೋ ಕಂಡರೆ ಮೆಮೊರಿ ಪದರ ಹೇಳಿದಷ್ಟು ದಪ್ಪವಿಲ್ಲ, ಇಲ್ಲವೇ ಕೆಳಗಿನ ಫೋಮ್ ತೀರಾ ಹಗುರ.

ತೂಕವೂ ಎರಡು ಕಡೆ ಮೋಸ ಮಾಡಬಹುದು. ರೀಬಾಂಡೆಡ್ ಫೋಮ್ ಎಂದರೆ ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಅದು ಸಹಜವಾಗಿಯೇ ತುಂಬಾ ಭಾರ, ಹಾಗಾಗಿ ಅದರ ಡೆನ್ಸಿಟಿಯನ್ನು ಮಾಮೂಲಿ ಪಿಯು (ಪಾಲಿಯುರೆಥೇನ್) ಫೋಮಿನದರ ಪಕ್ಕ ಇಟ್ಟು ಹೋಲಿಸಬಾರದು. ಇನ್ನೊಂದು, ತೂಕ ಏರಿಸಲು ಸುಣ್ಣಕಲ್ಲಿನ ಪುಡಿಯಂಥ ಫಿಲ್ಲರ್ ಬೆರೆಸುವುದು. ಹೊದಿಕೆಯ ಜಿಪ್ ತೆಗೆದು, ಫೋಮನ್ನು ಕಪ್ಪು ಬಟ್ಟೆಯ ಮೇಲೆ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಅನುಮಾನಿಸಿ. ಜಿಪ್ ಇರುವ ಹೊದಿಕೆಯನ್ನೇ ನಾನು ಆರಿಸುವುದು ಇದಕ್ಕೂ ಸೇರಿ.

ಇನ್ನು ಗಟ್ಟಿತನ. '10ಕ್ಕೆ 7' ಎಂಬ ಅಂಕ ಆಯಾ ಕಂಪನಿ ತಾನೇ ಕೊಟ್ಟುಕೊಂಡದ್ದು. ಒಬ್ಬರ 7 ಇನ್ನೊಬ್ಬರ 5 ಆಗಬಹುದು. 'ಆರ್ಥೋಪೆಡಿಕ್' ಎಂಬ ಪದವನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋಲಿಸಲು ಬರುವ ಅಳತೆ ಐಎಫ್‌ಡಿ: ಫೋಮಿನ ದಪ್ಪದ 25 ಶೇಕಡಾ ಅದುಮಲು ಬೇಕಾಗುವ ಬಲ. 65 ಶೇಕಡಾ ಅದುಮಲು ಬೇಕಾದ ಬಲವನ್ನು ಇದರಿಂದ ಭಾಗಿಸಿದರೆ ಆಧಾರದ ಗುಣಾಂಕ ಸಿಗುತ್ತದೆ. ಅದು 2ಕ್ಕಿಂತ ಕಡಿಮೆ ಇದ್ದರೆ ಮೇಲೆ ಗಟ್ಟಿ ಎನಿಸಿದರೂ ಭಾರ ಬಿದ್ದಾಗ ಸೊಂಟ ತಳ ಮುಟ್ಟುತ್ತದೆ. ಒಳ್ಳೆಯ ಎಚ್‌ಆರ್ (ಹೈ ರೆಸಿಲಿಯೆನ್ಸ್, ಅಂದರೆ ಒತ್ತಿದರೆ ಬೇಗ ಪುಟಿಯುವ) ಫೋಮಿನಲ್ಲಿ ಇದು ಹೆಚ್ಚಿರುತ್ತದೆ. ಕೇಳಿದರೆ ಕೆಲವರು ಈ ಅಂಕಿಗಳನ್ನು ಕೊಡುತ್ತಾರೆ.

ಬೆನ್ನುನೋವಿಗೆ ಹಲಗೆಯಂಥ ಹಾಸಿಗೆಯೇ ಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2003ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಸ್ಪೇನಿನ ಅಧ್ಯಯನದಲ್ಲಿ, ದೀರ್ಘಕಾಲದ ಸೊಂಟನೋವಿದ್ದ 313 ಜನರನ್ನು 90 ದಿನ ಗಮನಿಸಿದಾಗ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದರಲ್ಲಿ ಹೆಚ್ಚು ಆರಾಮ ಕಂಡಿತು. ಮಗ್ಗುಲಾಗಿ ಮಲಗುವವರಿಗೆ ಮೇಲಿನ ಪದರ ಸ್ವಲ್ಪ ಮೆತ್ತಗಿರಬೇಕು, ಇಲ್ಲದಿದ್ದರೆ ಭುಜ ಜೋಮು ಹಿಡಿಯುತ್ತದೆ; ಬೋರಲು ಮಲಗುವವರಿಗೆ ಗಟ್ಟಿಯದೇ ಸರಿ.

ಊರಿನ ಹವೆಯೂ ಮುಖ್ಯ. ಮೆಮೊರಿ ಫೋಮ್ ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಗಟ್ಟಿ ಎನಿಸುವ ಹಾಸಿಗೆಯೇ ರಾಯಚೂರಿನ ಮೇ ತಿಂಗಳಲ್ಲಿ ಮೈಯನ್ನು ಒಳಗೆಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಮಳೆಗಾಲದ ತೇವ ದೊಡ್ಡ ಸಮಸ್ಯೆ: ಗಾಳಿಯಾಡಲು ತೂತುಗಳಿಲ್ಲದ ಪ್ಲೈವುಡ್ ಮಂಚದ ಮೇಲೆ ಹಾಸಿಗೆಯ ಅಡಿಗೆ ಬೂಷ್ಟು ಬರುತ್ತದೆ.

ಪಾರ್ಸೆಲ್ ಬಂದಾಗ ಸುರುಳಿ ಬಿಚ್ಚುವ ಮೊದಲೇ ತೂಗಬೇಕು. ಬಿಚ್ಚಿದ ಮೇಲೆ ಎತ್ತಿ ತೂಗುವುದು ಕಷ್ಟ. ಬಾತ್‌ರೂಮ್ ಸ್ಕೇಲಿನ ಮೇಲೆ ಅದನ್ನು ಅಪ್ಪಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆದರಾಯಿತು. 72 ಗಂಟೆ ಉಬ್ಬಲು ಬಿಟ್ಟು ನಾಲ್ಕು ಮೂಲೆಯಲ್ಲೂ ನಡುವೆಯೂ ದಪ್ಪ ಅಳೆಯಿರಿ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ: ಸಲೀಸಾಗಿ ಆಚೆ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು, ತೂರಲೇ ಆಗದಿದ್ದರೆ ಮೆತ್ತಗಾಯಿತು. ಇವೆಲ್ಲ ವಾಪಸು ಕೊಡುವ ಗಡುವಿನೊಳಗೆ ಮುಗಿಯಬೇಕು.

ವಾರಂಟಿಯಲ್ಲಿ ವರ್ಷಗಳಿಗಿಂತ ಗುಂಡಿಯ ಆಳದ ಷರತ್ತನ್ನು ಓದಿ. ಎಷ್ಟೋ ಕಂಪನಿಗಳು ಮೇಲೆ ಯಾರೂ ಇಲ್ಲದಾಗ 1 ಅಥವಾ 1.5 ಇಂಚು ತಗ್ಗಿದ್ದರೆ ಮಾತ್ರ ಒಪ್ಪುತ್ತವೆ, ಕಲೆ ಇದ್ದರೆ ಒಪ್ಪುವುದೇ ಇಲ್ಲ. ಹಾಗಾಗಿ ಮೊದಲ ದಿನದಿಂದಲೇ ನೀರಿಳಿಯದ ಹೊದಿಕೆ ಹಾಕಿ. ತಗ್ಗು ಅಳೆಯಲು ಅಂಚಿನಿಂದ ಅಂಚಿಗೆ ದಾರ ಬಿಗಿದು, ನಡುವೆ ಸ್ಕೇಲ್ ನಿಲ್ಲಿಸಿ ಫೋಟೋ ತೆಗೆಯಿರಿ. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ, ಪದರಗಳಿರುವುದನ್ನು ಮಗುಚಬೇಡಿ. ಹತ್ತಿ ಹಾಸಿಗೆಯಂತೆ ಬಿಸಿಲಿಗೂ ಹಾಕಬೇಡಿ. ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯುದುರತೊಡಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿದರೆ ಸಾಕು.